ಮಣ್ಣಿನ ಸಿಂಬೆ

ಹುಲ್ಲಿನ ಸಿಂಬೆ ಸುಟ್ಟುಹೋಯಿತಂತೆ.
ಕೆಂಡ ಯಾವಾಗ ಹಾರಿತೋ, ನೋಡಿದವರಿಲ್ಲ.
ಜೆಬೆನಾ ವಾಲಿ ಚೆಲ್ಲಿ
ಅತ್ತೆಯ ಬಿಳಿ ಶಾಲಿಗೆ ಕಾಫಿಯ ಕಲೆ.
'ಈ ಸಲ ಮಣ್ಣಿನಲ್ಲೇ ಮಾಡಿಕೊಡು, ಬಲೋತೆ'
ಎಂದಳು ತರ್ಚಾ ಪೇಟೆಯ ವುಬಾಲೆಮ್.
ಸಂತೆಯಲ್ಲಿ ಮಡಕೆಗಳ ಈಚೆ ನಾನು,
ಆಚೆ ಅವಳು.

ಮೂವತ್ತು ವರ್ಷದಿಂದ ಜೆಬೆನಾ ಮಾಡುತ್ತಿದ್ದೇನೆ.
ಗುಂಡು ಬುಡ, ಉದ್ದ ಕೊರಳು,
ಹಕ್ಕಿಮೂತಿ ಅಂಟಿಸುವುದು ಕೊನೆಗೆ.
ಕೂರುವುದು ಮಾತ್ರ ಅದಕ್ಕೆ ಗೊತ್ತಿಲ್ಲ.
ಬೆಂಕಿಗೆ ಗುಂಡು ಬುಡವೇ ಇಷ್ಟ ಅನ್ನುತ್ತಿದ್ದಳು ಅವ್ವ,
ಕೂರಿಸುವ ಚಿಂತೆ ಹುಲ್ಲು ಹೆಣೆಯುವವರಿಗಿರಲಿ.

ಅಳತೆ ಬೇಕಲ್ಲ, ಹೋದೆ.
ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ.
ಮಡಕೆ ಮಾಡುವವರ ಕಾಲು
ಹೊಸ್ತಿಲಿಗೆ ಎರಡು ಮೊಳ ಇರುವಾಗಲೇ
ತಾನಾಗಿ ನಿಲ್ಲುತ್ತದೆ.
ಅವಳು ಜೆಬೆನಾ ತಂದು ನೆಲದ ಮೇಲಿಟ್ಟಳು,
ಕೈಗೆ ಕೊಡಲಿಲ್ಲ.
ಅದು ಉರುಳಿಕೊಂಡು
ನನ್ನ ಪಾದಕ್ಕೇ ಬಂತು.

ತಿರುಗಿಸಿದರೆ ಹಿಡಿಯ ಕೆಳಗೊಂದು ಹೆಬ್ಬೆರಳ ಗುಳಿ.
ನನ್ನ ಹೆಬ್ಬೆರಳಿಟ್ಟು ನೋಡಿದೆ.
ಸ್ವಲ್ಪ ಬಿಗಿ. ಮಣ್ಣು ಕುಗ್ಗಿತ್ತು,
ಬೆರಳು ದಪ್ಪವಾಗಿತ್ತು,
ಆದರೂ ಗುಳಿ ಗುರುತು ಹಿಡಿಯಿತು.
ಒಳಗೆ ವರ್ಷಗಟ್ಟಲೆ ಕಾಫಿ ಕರಿಗಟ್ಟಿ
ಮೂಗು ತಂದರೆ ಹೊಗೆ, ಕಾಡೇಲಕ್ಕಿ,
ನಾನು ಕೂತು ಕೇಳದ ಎಷ್ಟೋ ಮಾತು.
ಹುಸಿಬಾಳೆಯ ನಾರನ್ನು ಬುಡಕ್ಕೆ ಸುತ್ತಿ
ಗಂಟು ಹಾಕಿಕೊಂಡು ಬಂದೆ.

ಬಳೆ ಮಾಡಿದಷ್ಟು ಸುಲಭ ಅಂದುಕೊಂಡಿದ್ದೆ.
ಮೊದಲನೆಯದು ಬೆಸುಗೆಯಲ್ಲೇ ಬಿಟ್ಟುಕೊಂಡಿತು,
ಆತುರದಲ್ಲಿ ಬಿಸಿಲಿಗಿಟ್ಟಿದ್ದೆ.
ಎರಡನೆಯದು ಬಿರುಕಿಲ್ಲ, ಚೆಂದ,
ಆದರೆ ಸುಟ್ಟ ಮೇಲೆ ನಾರಿನ ಗಂಟಿಗಿಂತ
ಒಂದು ಬೆರಳು ಸಣ್ಣದಾಯಿತು.
ಮೂರನೆಯದನ್ನು ಅಳತೆ ಮೀರಿಸಿ ಮಾಡಿ,
ಎಲೆ ಮುಚ್ಚಿ ಐದು ದಿನ ನೆರಳಲ್ಲಿ ಒಣಗಿಸಿ,
ನುಣ್ಣನೆ ಕಲ್ಲಿನಿಂದ ಉಜ್ಜಿ ಉಜ್ಜಿ
ಹುಲ್ಲು, ಬೆರಣಿ, ಬಿದಿರು ಒಟ್ಟಿ
ರಾತ್ರಿಯಿಡೀ ಪಕ್ಕದಲ್ಲಿ ಕೂತೆ.
ಮಗಳು ದಲ್ಗಿತೆ ಗೊಣಗಿದಳು,
'ಒಂದು ಸಿಂಬೆಗೆ ಇಷ್ಟೊಂದಾ?'

ತಂದಿಟ್ಟೆ.
ಕೋಳಿ ಕಾವಿಗೆ ಕೂತಂತೆ ಕೂತಿತು ಜೆಬೆನಾ.
ಅತ್ತೆ ಬಾಗಿ ಬೆರಳಲ್ಲಿ ತಳ್ಳಿದಳು, ಮತ್ತೆ ತಳ್ಳಿದಳು.
'ಅಲ್ಲಾಡಲ್ಲ' ಎಂದಳು,
ನನಗಲ್ಲ, ಗೋಡೆಗೆ.

ದುಡ್ಡು ಕೈಗೆ ಬಂದಿತ್ತು. ಹೊರಡಬಹುದಿತ್ತು.
ಒಳಗೆ ಮೊದಲ ಸುತ್ತು ಅಬೋಲ್ ಮುಗಿಯಿತು,
ತೋನಾ ಮುಗಿಯಿತು. ಯಾಕೋ ನಿಂತೇ ಇದ್ದೆ.
ಮೂರನೆಯದು ಬರಕಾ, ಹರಸುವ ಸುತ್ತು.
ಅದೇ ಗಸಿಗೆ ಮತ್ತೆ ನೀರು ಹೊಯ್ದು ಕುದಿಸಿದ್ದು.
ವುಬಾಲೆಮ್ ಒಂದು ಬಟ್ಟಲು ಹಿಡಿದು ಬಂದಳು.
ನೆಲದ ಮೇಲಿಡಲಿಲ್ಲ.

ನೀರಾಗಿತ್ತು. ಉಪ್ಪು ಹಾಕಿದ್ದರು. ಕುಡಿದೆ.
ಚೀನಾದ ಪಿಂಗಾಣಿ, ಮೊಟ್ಟೆಯ ಚಿಪ್ಪಿನಷ್ಟು ತೆಳು,
ಅಂಚಿಗೊಂದು ಹೊನ್ನಿನ ಗೆರೆ.
ಕಸುಬಿನ ಚಟ, ತಲೆಕೆಳಗು ಮಾಡಿ ಬುಡ ನೋಡಿದೆ.
ಉಳಿದ ಗಸಿ ಲಂಗದ ಮೇಲಿಳಿಯಿತು.
ಬೆರಳ ಗುರುತಿಗೆ ಒಂದು ಸುತ್ತು ತಡವಿದೆ,
ಇನ್ನೊಂದು ಸುತ್ತು.
'ಯಾರು ಮಾಡಿದ್ದಿದು?'
ಅವಳು ನಕ್ಕಳು. 'ಯಾರೂ ಇಲ್ಲ. ಯಂತ್ರ.'

ಅದಕ್ಕೇ ಇರಬೇಕು,
ಅದು ಎಲ್ಲರ ತುಟಿಗೂ ಹೋಗುತ್ತದೆ.

ದಾರಿಯಲ್ಲಿ ದಲ್ಗಿತೆ ಕೇಳಿದಳು,
'ಬಟ್ಟಲನ್ನು ಎಷ್ಟು ಸಲ ತೊಳೆದರು?'
ತಿರುಗಿ ನೋಡಲಿಲ್ಲ ಎಂದೆ.
ನಿಜ, ನೋಡಲಿಲ್ಲ.
ನೀರು ಸುರಿಯುವ ಸದ್ದು ಕೇಳಿಸಿತ್ತು,
ಎಣಿಸುವುದು ಬೇಡವೆಂದು
ಚಿಲ್ಲರೆಯನ್ನು ಜೋರಾಗಿ ಕುಲುಕಿದ್ದೆ.

ಸಣ್ಣದಾದ ಆ ಎರಡನೆಯ ಸಿಂಬೆ
ನಮ್ಮ ಮನೆಯಲ್ಲೇ ಇದೆ.
ಅದಕ್ಕೆ ಹೊಂದುವ ಜೆಬೆನಾ
ನಾಳೆ ಶುರುಮಾಡಬೇಕು.